ದೇಹದ ಗಡಿಯಾರವೂ ಮನಸ್ಸಿನ ಖಿನ್ನತೆಯೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನಸ್ಸು ನೆಮ್ಮದಿಯಾಗಿದ್ದರೆ ಗದ್ದಲದ ನಡುವೆಯೂ ನಿದ್ರೆ ಬರುವುದು. ಮನಸ್ಸು ಕಲಕಿದ್ದರೆ ಹಂಸತೂಲಿಕಾತಲ್ಪವೂ ಮುಳ್ಳಿನ ಹಾಸಿಗೆಯಾಗುವುದು. ಇದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಸತ್ಯ. ಆದರೆ ಈ ಸತ್ಯಕ್ಕೆ ಇನ್ನೊಂದು ಮುಖವೂ ಉಂಟೆಂಬುದನ್ನು ಕಳೆದ ಐವತ್ತು ವರ್ಷಗಳ ವಿಜ್ಞಾನವು ತೋರಿಸಿಕೊಟ್ಟಿದೆ. ಚಿಂತೆ ನಿದ್ರೆಯನ್ನು ಕೆಡಿಸುವಂತೆಯೇ, ನಿದ್ರೆಯ ಹೊತ್ತು ಕೆಟ್ಟುದರಿಂದ ಮನಸ್ಸೂ ಕೆಡಬಹುದು. ಹಾಗೆಯೇ, ಕೆಟ್ಟ ಮನಸ್ಸನ್ನು ಸರಿಪಡಿಸಲು ಹೊತ್ತನ್ನು ಸರಿಪಡಿಸುವುದು ಒಂದು ಸಾಧನವಾಗಬಹುದು.

ಈ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡಲು ಕಾರಣವುಂಟು. ಇಂದು ಯಾವ ವಿದ್ಯಾರ್ಥಿನಿಲಯಕ್ಕೆ ಹೋದರೂ ರಾತ್ರಿ ಎರಡು ಗಂಟೆಯ ತನಕ ದೀಪ ಉರಿಯುತ್ತಿರುವುದನ್ನು ಕಾಣಬಹುದು. ದೀಪ ಆರಿದ ಮೇಲೂ ಹಾಸಿಗೆಯಲ್ಲಿ ಮೊಬೈಲಿನ ಬೆಳಕು ಮುಖದ ಮೇಲೆ ಆಡುತ್ತಿರುತ್ತದೆ. ಬೆಳಗಿನ ತರಗತಿಯಲ್ಲಿ ಅರ್ಧದಷ್ಟು ಹುಡುಗರು ತೂಕಡಿಸುತ್ತಾರೆ. ಅವರಲ್ಲಿ ಯಾರಾದರೊಬ್ಬನು ವಾರಗಟ್ಟಲೆ ಮಂಕಾಗಿದ್ದರೆ, ಊಟ ಬಿಟ್ಟರೆ, ಪಾಠದಲ್ಲಿ ಹಿಂದೆ ಬಿದ್ದರೆ, ಅವನಿಗೆ ಸಿಕ್ಕುವುದು ಎರಡೇ ಬಗೆಯ ಉಪದೇಶ. ಹಿರಿಯರು ಅವನನ್ನು ಸೋಮಾರಿ ಎನ್ನುತ್ತಾರೆ. ಗೆಳೆಯರು ಯಾವುದೋ ಮಾತ್ರೆಯ ಹೆಸರು ಹೇಳುತ್ತಾರೆ. ಹೀಗೆ ಹೇಳಲಾಗುವ ಮಾತ್ರೆಗಳಲ್ಲಿ ಮೆಲಟೋನಿನ್ ಎಂಬುದೂ ಒಂದು. ಈ ಎರಡು ಉಪದೇಶಗಳೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಅವು ಏಕೆ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಗಡಿಯಾರದ ಕಥೆ. ಸಂಜೆಯಾಗುತ್ತಲೇ ಹುಣಿಸೆಯ ಮರದ ಎಲೆಗಳು ಮಡಿಚಿಕೊಂಡು ಬೆಳಗಾಗುತ್ತಲೇ ಬಿಚ್ಚಿಕೊಳ್ಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಗ್ಸಾಂಡರನ ನೌಕಾಧಿಕಾರಿಯಾಗಿದ್ದ ಆಂಡ್ರೋಸ್ಥೆನೀಸನು, ಇಂದು ಬಹರೇನ್ ಎಂದು ಕರೆಯಲ್ಪಡುವ ದ್ವೀಪದಲ್ಲಿ ಈ ವಿಚಿತ್ರವನ್ನು ಕಂಡು ಬರೆದಿಟ್ಟನು. ಸೂರ್ಯನ ಬೆಳಕೇ ಎಲೆಯನ್ನು ಬಿಚ್ಚಿಸುತ್ತದೆಂದು ಯಾರಾದರೂ ಸಹಜವಾಗಿ ಭಾವಿಸುವರು. 1729ನೆಯ ಇಸವಿಯಲ್ಲಿ ಡ ಮೆರಾನ್ ಎಂಬ ಫ್ರೆಂಚ್ ಖಗೋಳವಿಜ್ಞಾನಿಯು ಈ ಭಾವನೆಯನ್ನು ಪರೀಕ್ಷಿಸಿದನು. ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಅವನು ಕತ್ತಲೆಯಲ್ಲಿಟ್ಟನು. ಬೆಳಕಿನ ಸೋಂಕಿಲ್ಲದಿದ್ದರೂ ಅದರ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಂಡು ಇರುಳಿನ ಹೊತ್ತಿಗೆ ಮುಚ್ಚಿಕೊಂಡವು. ಅಂದಮೇಲೆ ಹೊತ್ತನ್ನು ಅರಿಯುವ ಏನೋ ಒಂದು ಗಿಡದೊಳಗೇ ಇರಬೇಕು. ಹಾಸಿಗೆ ಹಿಡಿದ ರೋಗಿಗಳು ಮಲಗಿದ್ದಲ್ಲಿಯೇ ಹಗಲಿರುಳುಗಳ ಭೇದವನ್ನು ಅರಿಯುವುದಕ್ಕೂ ಇದಕ್ಕೂ ಸಂಬಂಧವಿರಬಹುದೆಂಬ ಸೂಚನೆ ಆ ವರದಿಯಲ್ಲಿಯೇ ಇದ್ದಿತು. ಗಿಡದ ಎಲೆಯಿಂದ ರೋಗಿಯ ಹಾಸಿಗೆಯವರೆಗಿನ ಹಾದಿ ಅಂದೇ ತೆರೆದಿತ್ತೆನ್ನಬಹುದು. ಆದರೆ ಅದನ್ನು ನಡೆಯಲು ಎರಡೂವರೆ ಶತಮಾನಗಳು ಬೇಕಾದವು.

ಇಂತಹ ಲಯಗಳಿಗೆ ‘ಸರ್ಕೇಡಿಯನ್’ ಎಂದು 1959ರಲ್ಲಿ ಹೆಸರಿಟ್ಟವನು ಫ್ರಾಂಟ್ಸ್ ಹಾಲ್ಬರ್ಗ್. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಸುಮಾರು ಒಂದು ದಿನ’ ಎಂದು. ನಾವು ಇದನ್ನು ದೈನಿಕ ಲಯವೆಂದು ಕರೆಯಬಹುದು. ‘ಸುಮಾರು’ ಎಂಬ ಮಾತನ್ನು ಗಮನಿಸಬೇಕು. 1960ರ ದಶಕದಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಆಂಡೆಕ್ಸ್ ಎಂಬಲ್ಲಿ ಯೂರ್ಗೆನ್ ಆಶಾಫ್ ಮತ್ತು ರ‍್ಯೂಟ್ಗರ್ ವೇವರ್ ಎಂಬ ವಿಜ್ಞಾನಿಗಳು ನೆಲದೊಳಗೆ ಮನೆಯೊಂದನ್ನು ಕಟ್ಟಿಸಿ, ಅದರಲ್ಲಿ ಸ್ವಯಂಸೇವಕರನ್ನು ವಾರಗಟ್ಟಲೆ ಇರಿಸಿದರು. ಅಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ, ಹೊರಗಿನ ಸದ್ದಿಲ್ಲ. ಆದರೂ ಅವರು ಕ್ರಮವಾಗಿ ಮಲಗಿದರು, ಕ್ರಮವಾಗಿ ಎದ್ದರು. ಅವರ ಒಂದು ‘ದಿನ’ ಮಾತ್ರ 24 ಗಂಟೆಗಿಂತ ತುಸು ದೀರ್ಘವಾಗಿದ್ದಿತು. ದೀಪದ ಬೆಳಕಿನ ಪ್ರಭಾವವನ್ನು ಕಳೆದು ಇನ್ನೂ ನಿಖರವಾಗಿ ಅಳೆದಾಗ, ಮನುಷ್ಯನ ಒಳಗಡಿಯಾರದ ಅವಧಿ ಸರಾಸರಿ 24 ಗಂಟೆ 11 ನಿಮಿಷವೆಂದು ಹಾರ್ವರ್ಡಿನ ಚಾರ್ಲ್ಸ್ ಝೈಸ್ಲರ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಅಂದರೆ ನಮ್ಮಲ್ಲಿ ಹೆಚ್ಚಿನವರ ಗಡಿಯಾರ ಸ್ವಭಾವತಃ ತುಸು ನಿಧಾನ. ಅದನ್ನು ಭೂಮಿಯ ದಿನಕ್ಕೆ ನಿತ್ಯವೂ ಸರಿಹೊಂದಿಸಬೇಕು. ಆ ಕೆಲಸವನ್ನು ಮಾಡುವುದು ಮುಖ್ಯವಾಗಿ ಬೆಳಗಿನ ಬೆಳಕು.

ಈ ವಿಜ್ಞಾನಕ್ಕೆ ನಮ್ಮ ದೇಶದ ಕಾಣಿಕೆಯೂ ಉಂಟು. ಮದುರೈ ಕಾಮರಾಜ್ ವಿಶ್ವವಿದ್ಯಾನಿಲಯದಲ್ಲಿದ್ದ ಎಂ. ಕೆ. ಚಂದ್ರಶೇಖರನ್ ಅವರು ತಮ್ಮ ಶಿಷ್ಯರೊಡನೆ ಗುಹೆಯ ಬಾವಲಿಗಳ ದೈನಿಕ ಲಯವನ್ನು ಅಭ್ಯಾಸ ಮಾಡಿದರು. ಗುಹೆಯ ಗಾಢಾಂಧಕಾರದಲ್ಲಿ ಬಂಧಿಸಿಟ್ಟ ಬಾವಲಿಯೊಂದು, ಸುತ್ತಲಿನ ಬಾವಲಿಗಳ ಸಂಚಾರವನ್ನು ಅರಿತು, ಅವುಗಳ ಹೊತ್ತಿಗೆ ತನ್ನ ಹೊತ್ತನ್ನು ಹೊಂದಿಸಿಕೊಳ್ಳುತ್ತದೆಂದು ಅವರು 1981ರಲ್ಲಿ ತೋರಿಸಿದರು. ಬಳಿಕ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಶಾಸ್ತ್ರವನ್ನು ಮುಂದುವರಿಸಿದರು. ಬೆಳಕಿನಂತೆಯೇ ಸಹವಾಸವೂ ಗಡಿಯಾರವನ್ನು ತಿದ್ದಬಲ್ಲದೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ಗಡಿಯಾರ ದೇಹದಲ್ಲಿ ಎಲ್ಲಿದೆ? ಎರಡು ಕಣ್ಣುಗಳಿಂದ ಬರುವ ನರಗಳು ಮೆದುಳಿನ ಬುಡದಲ್ಲಿ ಒಂದನ್ನೊಂದು ಹಾಯುತ್ತವೆ. ಆ ಸ್ಥಳದ ಮೇಲ್ಗಡೆ ಸುಮಾರು 20,000 ನರಕೋಶಗಳುಳ್ಳ ಒಂದು ಸಣ್ಣ ಜೋಡಿ ಗಂಟು ಇದೆ. ಇಲಿಗಳಲ್ಲಿ ಅದನ್ನು ನಾಶಮಾಡಿದರೆ ಲಯವೇ ಕೆಟ್ಟುಹೋಗುವುದೆಂದು 1972ರಲ್ಲಿ ತಿಳಿದುಬಂದಿತು. ಗಡಿಯಾರದ ಯಂತ್ರ ಯಾವುದು ಎಂಬುದಕ್ಕೆ ಉತ್ತರ ದೊರಕಿದ್ದು ಹಣ್ಣಿನ ನೊಣದಿಂದ. 1971ರಲ್ಲಿ ಸೀಮೋರ್ ಬೆನ್ಝರ್ ಮತ್ತು ರಾನಲ್ಡ್ ಕೊನೋಪ್ಕಾ ಅವರು, ಒಂದೇ ಒಂದು ಜೀನಿನ ದೋಷದಿಂದ ನೊಣದ ದಿನ ಹ್ರಸ್ವವಾಗುವುದನ್ನೂ ದೀರ್ಘವಾಗುವುದನ್ನೂ ಕಂಡರು. ಅನಂತರ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರು ಅದರ ಒಳಗುಟ್ಟನ್ನು ಬಿಡಿಸಿದರು. ಆ ಜೀನು ಒಂದು ಪ್ರೋಟೀನನ್ನು ತಯಾರಿಸುತ್ತದೆ. ಪ್ರೋಟೀನು ಕೋಶದಲ್ಲಿ ಸಾಕಷ್ಟು ಕೂಡಿದಾಗ ಅದೇ ಹಿಂದಿರುಗಿ ಜೀನಿನ ಕೆಲಸವನ್ನು ತಡೆಯುತ್ತದೆ. ಪ್ರೋಟೀನು ಕ್ರಮೇಣ ಕ್ಷಯಿಸಿದ ಮೇಲೆ ತಡೆ ಹೋಗಿ ಜೀನು ಪುನಃ ಕೆಲಸಕ್ಕೆ ತೊಡಗುತ್ತದೆ. ಈ ಸುತ್ತು ಮುಗಿಯಲು ಹಿಡಿಯುವ ಕಾಲವೇ ಸುಮಾರು ಒಂದು ದಿನ. ಈ ಮೂವರಿಗೂ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಮೆಲಟೋನಿನ್ನಿನ ವಿಷಯ. ಮೆದುಳಿನ ನಡುವೆ ಬಟಾಣಿಗಿಂತಲೂ ಚಿಕ್ಕದಾದ ಪಿನಿಯಲ್ ಎಂಬ ಗ್ರಂಥಿಯಿದೆ. ಡೇಕಾರ್ಟ್ ಎಂಬ ತತ್ತ್ವಜ್ಞಾನಿಯು ಅದನ್ನು ಆತ್ಮದ ಪೀಠವೆಂದು ಬಗೆದಿದ್ದನು. 1958ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಚರ್ಮವೈದ್ಯ ಆರನ್ ಲರ್ನರ್ ಅವರು ಹಸುಗಳ ಪಿನಿಯಲ್ ಗ್ರಂಥಿಗಳಿಂದ ಒಂದು ಚೋದಕವನ್ನು ಬೇರ್ಪಡಿಸಿದರು. ಅದು ಕಪ್ಪೆಯ ಚರ್ಮವನ್ನು ತಿಳಿಬಣ್ಣಕ್ಕೆ ತಿರುಗಿಸುತ್ತಿತ್ತು. ಅವರು ಹುಡುಕುತ್ತಿದ್ದುದು ತೊನ್ನಿಗೆ ಮದ್ದು. ದೊರೆತುದು ಇರುಳಿನ ಚೋದಕ. ಕತ್ತಲಾದ ಮೇಲೆ, ನಾವು ಎಂದಿನಂತೆ ಮಲಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು, ಇದು ರಕ್ತದಲ್ಲಿ ಏರತೊಡಗುತ್ತದೆ, ನಡುರಾತ್ರಿ ಕಳೆದ ಮೇಲೆ ಶಿಖರವನ್ನು ಮುಟ್ಟುತ್ತದೆ, ಬೆಳಗಾಗುತ್ತಲೇ ಇಳಿಯುತ್ತದೆ. ಹಗಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ಜನ ನಿದ್ರೆಯ ಚೋದಕವೆಂದು ಕರೆಯುವುದುಂಟು. ಈ ಹೆಸರು ದಾರಿ ತಪ್ಪಿಸುವಂಥದು. ಇಲಿ ನಿಶಾಚರಿ, ಅದು ರಾತ್ರಿಯೆಲ್ಲ ಎಚ್ಚರವಾಗಿದ್ದು ಓಡಾಡುತ್ತದೆ. ಅದರ ರಕ್ತದಲ್ಲಿಯೂ ಮೆಲಟೋನಿನ್ ಏರುವುದು ರಾತ್ರಿಯಲ್ಲಿಯೇ. ಅದು ನಿದ್ರೆಯ ಆಜ್ಞೆಯಾಗಿದ್ದರೆ ಇಲಿಗಳೆಲ್ಲ ರಾತ್ರಿ ಮಲಗಬೇಕಾಗಿತ್ತು. ಆದುದರಿಂದ ಮೆಲಟೋನಿನ್ ಹೇಳುವುದು ‘ಮಲಗು’ ಎಂದಲ್ಲ. ‘ಇರುಳಾಯಿತು’ ಎಂದು ಮಾತ್ರ. ಅದು ಊರಿಗೆ ಹೊತ್ತು ಸಾರುವ ಡಂಗುರದಂತೆ. ಡಂಗುರವನ್ನು ಕೇಳಿ ಯಾರು ಏನು ಮಾಡಬೇಕೆಂಬುದು ಆಯಾ ಪ್ರಾಣಿಯ ಜೀವನಕ್ರಮಕ್ಕೆ ಸೇರಿದ್ದು.

ಈ ಡಂಗುರವನ್ನು ಬೆಳಕು ನಿಲ್ಲಿಸಬಲ್ಲದು. ರಾತ್ರಿಯ ವೇಳೆ 2,500 ಲಕ್ಸ್ ಪ್ರಮಾಣದ ಪ್ರಖರ ಬೆಳಕಿಗೆ ಮನುಷ್ಯರನ್ನು ಒಡ್ಡಿದಾಗ ಅವರ ರಕ್ತದಲ್ಲಿನ ಮೆಲಟೋನಿನ್ ಕುಸಿಯುವುದೆಂದು 1980ರಲ್ಲಿ ಅಮೆರಿಕದ ಆಲ್ಫ್ರೆಡ್ ಲೂಯಿ ಅವರು ತೋರಿಸಿದರು. ಲಕ್ಸ್ ಎಂಬುದು ಮೇಲ್ಮೈಯೊಂದರ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ. ರಾತ್ರಿ ದೀಪ ಹಾಕಿದ ನಮ್ಮ ಕೋಣೆಗಳಲ್ಲಿ ಸಾಮಾನ್ಯವಾಗಿ ಇರುವುದು 100ರಿಂದ 500 ಲಕ್ಸ್. ಬಿಸಿಲಿನಲ್ಲಿ ಅದು 1,00,000ದವರೆಗೆ ಏರಬಹುದು. ಮನೆಯ ದೀಪದಂತಹ ಮಂದ ಬೆಳಕೂ ಮೆಲಟೋನಿನ್ನನ್ನು ತಗ್ಗಿಸಬಲ್ಲದೆಂದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಇದಕ್ಕಾಗಿಯೇ ಅಕ್ಷಿಪಟದಲ್ಲಿ ಬೇರೆಯೇ ಜಾತಿಯ ಕೋಶಗಳಿವೆಯೆಂದು 2002ರಲ್ಲಿ ಸಿದ್ಧವಾಯಿತು. ಅವು ರೂಪವನ್ನು ನೋಡುವ ಕೋಶಗಳಲ್ಲ. ಎಷ್ಟು ಬೆಳಕಿದೆಯೆಂಬುದನ್ನು ಗಡಿಯಾರಕ್ಕೆ ತಿಳಿಸುವ ಕೋಶಗಳು. ನೀಲಿಯ ಬೆಳಕಿಗೆ ಅವು ಹೆಚ್ಚಾಗಿ ಸ್ಪಂದಿಸುತ್ತವೆ. ಮಲಗುವ ಮುನ್ನ ಕೆಲವು ಗಂಟೆಗಳ ಕಾಲ ಹೊಳೆಯುವ ಪರದೆಯ ಮೇಲೆ ಪುಸ್ತಕವನ್ನೋದಿದವರ ಗಡಿಯಾರ, ಕಾಗದದ ಪುಸ್ತಕವನ್ನೋದಿದವರ ಗಡಿಯಾರಕ್ಕಿಂತ ಐದು ದಿನಗಳಲ್ಲಿ ಸುಮಾರು ಒಂದೂವರೆ ಗಂಟೆ ಹಿಂದೆ ಬಿದ್ದಿತೆಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸುತ್ತದೆ.

ಈಗ ನಮ್ಮ ವಾದದ ತಿರುಳಿಗೆ ಬರೋಣ. ಬೆಳಕಾಗಲಿ ಮೆಲಟೋನಿನ್ನಾಗಲಿ ಗಡಿಯಾರದ ಮೇಲೆ ಮಾಡುವ ಪರಿಣಾಮ ಅದರ ಪ್ರಮಾಣವನ್ನಷ್ಟೇ ಅವಲಂಬಿಸಿಲ್ಲ. ಅದು ಯಾವ ಹೊತ್ತಿನಲ್ಲಿ ಬಂದಿತೆಂಬುದನ್ನು ಅವಲಂಬಿಸಿದೆ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಮೆಲಟೋನಿನ್ ಇದಕ್ಕೆ ತದ್ವಿರುದ್ಧ: ಸಂಜೆ ಕೊಟ್ಟರೆ ಮುಂದಕ್ಕೆ, ಬೆಳಗಿನಲ್ಲಿ ಕೊಟ್ಟರೆ ಹಿಂದಕ್ಕೆ. ಇಲ್ಲಿ ಬೆಳಗು, ರಾತ್ರಿ ಎಂಬುವು ಗೋಡೆಯ ಗಡಿಯಾರದವಲ್ಲ, ದೇಹದವು. ಬೆಳಗಿನ ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಹನ್ನೆರಡಕ್ಕೆ ಏಳುವ ಅಭ್ಯಾಸವುಳ್ಳ ವಿದ್ಯಾರ್ಥಿಯೊಬ್ಬನು, ಇನ್ನು ಸುಧಾರಿಸಬೇಕೆಂದು ಪಣತೊಟ್ಟು ಒಮ್ಮೆಗೇ ಆರು ಗಂಟೆಗೆ ಎದ್ದು ಬಿಸಿಲಿಗೆ ಹೋದರೆ, ಅವನ ದೇಹಕ್ಕೆ ಅದಿನ್ನೂ ನಡುರಾತ್ರಿ. ಆ ಬೆಳಕು ಅವನ ಗಡಿಯಾರವನ್ನು ಮುಂದೂಡುವುದರ ಬದಲು ಇನ್ನಷ್ಟು ಹಿಂದಕ್ಕೆ ಎಳೆಯಬಹುದು. ಏಳುವ ಹೊತ್ತನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹಿಂಚಿಸಿಕೊಂಡು, ಎದ್ದೊಡನೆ ಬೆಳಕಿಗೆ ಹೋಗುವುದೇ ಅವನಿಗೆ ಸರಿಯಾದ ದಾರಿ. ಔಷಧಕ್ಕೆ ಪ್ರಮಾಣವಿರುವಂತೆ ಮುಹೂರ್ತವೂ ಉಂಟೆಂಬುದು ಇಲ್ಲಿ ಜ್ಯೋತಿಷದ ಮಾತಲ್ಲ, ಪ್ರಯೋಗಶಾಲೆಯ ಮಾತು.

ಇದಕ್ಕೂ ಖಿನ್ನತೆಗೂ ಏನು ಸಂಬಂಧ? ಖಿನ್ನತೆಯೆಂದರೆ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ ಎರಡು ದಿನ ಬರುವ ಬೇಸರವಲ್ಲ. ಎರಡು ವಾರಗಳೋ ಅದಕ್ಕಿಂತ ಹೆಚ್ಚೋ ಕಾಲ ಮನಸ್ಸು ಕುಗ್ಗಿ, ಪ್ರಿಯವಾದುದರಲ್ಲಿಯೂ ಆಸಕ್ತಿ ತಪ್ಪಿ, ಹಸಿವು, ನಿದ್ರೆ, ಗಮನ, ಆತ್ಮವಿಶ್ವಾಸ ಎಲ್ಲವೂ ಕೆಡುವ ರೋಗವದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಇಪ್ಪತ್ತರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಕಾಲದಲ್ಲಿ ಇದಕ್ಕೆ ತುತ್ತಾಗಿರುತ್ತಾರೆ. ಈ ರೋಗದ ಲಕ್ಷಣಗಳಲ್ಲಿಯೇ ಗಡಿಯಾರದ ಗುರುತುಗಳಿವೆ. ಎಷ್ಟೋ ರೋಗಿಗಳು ನಸುಕಿಗೆ ಮೊದಲೇ ಎಚ್ಚೆತ್ತು ಮತ್ತೆ ನಿದ್ರೆ ಬಾರದೆ ತೊಳಲುತ್ತಾರೆ. ಕೆಲವರಿಗೆ ಬೆಳಗಿನಲ್ಲಿ ದುಃಖ ಅತಿಶಯವಾಗಿದ್ದು ಸಂಜೆಗೆ ಹಗುರವಾಗುತ್ತದೆ. ಇನ್ನು ಕೆಲವರಿಗೆ ವರ್ಷವರ್ಷವೂ ಒಂದೇ ಋತುವಿನಲ್ಲಿ ರೋಗ ಮರುಕಳಿಸುತ್ತದೆ.

ಈ ಋತುಮಾನದ ಖಿನ್ನತೆಯಿಂದಲೇ ಹೊಸ ಚಿಕಿತ್ಸೆಯ ಕಥೆ ತೊಡಗಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು, ಚಳಿಗಾಲದಲ್ಲಿ ಕುಗ್ಗಿ ವಸಂತದಲ್ಲಿ ಚೇತರಿಸಿಕೊಳ್ಳುವ ರೋಗಿಗಳನ್ನು 1984ರಲ್ಲಿ ವರ್ಣಿಸಿದರು. ಪ್ರಖರವಾದ ಕೃತಕ ಬೆಳಕಿನಿಂದ ಅವರಿಗೆ ಗುಣವಾಗುವುದನ್ನೂ ವರದಿ ಮಾಡಿದರು. ಮುಂದೆ ಇದು ಬೆಳಗಿನಲ್ಲಿ 10,000 ಲಕ್ಸಿನ ದೀಪದೆದುರು ಅರ್ಧ ಗಂಟೆ ಕುಳಿತುಕೊಳ್ಳುವ ಪದ್ಧತಿಯಾಗಿ ರೂಪುಗೊಂಡಿತು. ಋತುವಿಗೆ ಸೇರದ ಖಿನ್ನತೆಗೂ ಇದು ಉಪಯೋಗವಾಗುವುದೇ ಎಂದು ಕೆನಡಾದ ರೇಮಂಡ್ ಲ್ಯಾಮ್ ಮತ್ತು ಸಂಗಡಿಗರು 122 ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಂಟು ವಾರಗಳ ಬಳಿಕ, ಬೆಳಕನ್ನೂ ಫ್ಲುಆಕ್ಸೆಟಿನ್ ಎಂಬ ಔಷಧವನ್ನೂ ಕೂಡಿ ಪಡೆದವರಲ್ಲಿ ನೂರಕ್ಕೆ ಸುಮಾರು 59 ಮಂದಿ, ಬೆಳಕನ್ನು ಮಾತ್ರ ಪಡೆದವರಲ್ಲಿ ಸುಮಾರು 44 ಮಂದಿ, ತೋರಿಕೆಯ ಚಿಕಿತ್ಸೆಯನ್ನು ಪಡೆದವರಲ್ಲಿ 30 ಮಂದಿ ರೋಗಮುಕ್ತರಾದರು. ಇಟಲಿಯ ಮಿಲಾನಿನ ಆಸ್ಪತ್ರೆಯೊಂದರ ವರದಿ 2001ರಲ್ಲಿ ಬಂದಿತು: ಖಿನ್ನತೆಯೂ ಉನ್ಮಾದವೂ ಸರದಿಯಾಗಿ ಬರುವ ದ್ವಿಧ್ರುವ ರೋಗದವರಲ್ಲಿ, ಪೂರ್ವದಿಕ್ಕಿನ ಕೋಣೆಗಳಲ್ಲಿದ್ದು ಬೆಳಗಿನ ಬಿಸಿಲನ್ನು ಪಡೆದವರು, ಪಶ್ಚಿಮದ ಕೋಣೆಯವರಿಗಿಂತ ಸರಾಸರಿ ಮೂರೂವರೆ ದಿನಗಳಿಗೂ ಮೊದಲೇ ಮನೆಗೆ ಹಿಂದಿರುಗಿದರು. ಕೋಣೆಗಳನ್ನು ಯಾರೂ ಚಿಕಿತ್ಸೆಯೆಂದು ಕೊಟ್ಟಿರಲಿಲ್ಲ. ಕಿಟಕಿಯ ದಿಕ್ಕು ತಾನಾಗಿ ಕೆಲಸಮಾಡಿತ್ತು.

ಇನ್ನೊಂದು ಸಂಗತಿ ಇನ್ನೂ ಆಶ್ಚರ್ಯಕರ. ಖಿನ್ನತೆಯ ರೋಗಿಯನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿದರೆ, ಅರ್ಧದಷ್ಟು ಮಂದಿಯಲ್ಲಿ ಮರುದಿನವೇ ದುಃಖ ಹಗುರವಾಗುತ್ತದೆ. ಜರ್ಮನಿಯ ವೈದ್ಯರು ಇದನ್ನು 1971ರಲ್ಲಿ ವ್ಯವಸ್ಥಿತವಾಗಿ ವರದಿ ಮಾಡಿದರು. ಆದರೆ ಮುಂದಿನ ನಿದ್ರೆ ಮುಗಿಯುವಷ್ಟರಲ್ಲಿ ಅವರಲ್ಲಿ ಬಹುಪಾಲು ಮಂದಿಗೆ ರೋಗ ಮರಳುತ್ತದೆ. ಇದನ್ನೋದಿದ ವಿದ್ಯಾರ್ಥಿಗಳು ರಾತ್ರಿಯೆಲ್ಲ ಎದ್ದಿರುವುದಕ್ಕೆ ವಿಜ್ಞಾನದ ಸಮ್ಮತಿ ದೊರೆಯಿತೆಂದು ತಿಳಿಯಬಾರದು. ದ್ವಿಧ್ರುವ ರೋಗವುಳ್ಳವರಲ್ಲಿ ನಿದ್ರಾಭಂಗವೂ ಪ್ರಖರವಾದ ಬೆಳಕೂ ಉನ್ಮಾದವನ್ನು ಕೆರಳಿಸಬಹುದು. ವೈದ್ಯರು ಆಸ್ಪತ್ರೆಯಲ್ಲಿ ಎಚ್ಚರದಿಂದ ಮಾಡುವುದನ್ನು ಮನೆಯಲ್ಲಿ ಅನುಕರಿಸುವುದು ಅಪಾಯ. ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ಮನಸ್ಸಿನ ಸ್ಥಿತಿಯು ನಿದ್ರೆಯ ಮತ್ತು ಹೊತ್ತಿನ ವ್ಯವಸ್ಥೆಗೆ ನಾವು ಊಹಿಸಿದ್ದಕ್ಕಿಂತ ನಿಕಟವಾಗಿ ಹೆಣೆದುಕೊಂಡಿದೆ.

ಹಾಗಾದರೆ ಮೆಲಟೋನಿನ್ ಮಾತ್ರೆಯಿಂದ ಖಿನ್ನತೆ ಗುಣವಾಗದೇ? ದೂರದೇಶದ ವಿಮಾನಪ್ರಯಾಣದಿಂದ ಹೊತ್ತು ತಪ್ಪಿದವರಿಗೆ, ಬೆಳಕೇ ಕಾಣದ ಕೆಲವು ಅಂಧರಿಗೆ, ಗಡಿಯಾರ ಬಹಳ ಹಿಂದೆ ಬಿದ್ದವರಿಗೆ ಅದು ನೆರವಾಗುತ್ತದೆಂಬುದಕ್ಕೆ ಆಧಾರವಿದೆ. ಖಿನ್ನತೆಗೆ ಅದೇ ಮದ್ದೆಂಬುದು ಸಿದ್ಧವಾಗಿಲ್ಲ. ಮೆಲಟೋನಿನ್ನಿನ ಗ್ರಾಹಕಗಳ ಮೇಲೆ ಕೆಲಸಮಾಡುವ ಅಗೊಮೆಲಟೀನ್ ಎಂಬ ಬೇರೊಂದು ಔಷಧಕ್ಕೆ ಯೂರೋಪಿನಲ್ಲಿ 2009ರಲ್ಲಿ ಖಿನ್ನತೆಗಾಗಿ ಅನುಮತಿ ದೊರೆಯಿತು. ಆದರೆ ಅದು ಸೆರೊಟೋನಿನ್ನಿನ ಒಂದು ಗ್ರಾಹಕವನ್ನೂ ತಡೆಯುತ್ತದೆ, ಅದನ್ನು ಸೇವಿಸುವವರ ಯಕೃತ್ತನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಅಂಗಡಿಯ ಮೆಲಟೋನಿನ್ನನ್ನು ಇದರೊಡನೆ ಸಮೀಕರಿಸಲಾಗದು. ಅಂಗಡಿಯ ಮಾತ್ರೆಯಲ್ಲಿ ಏನಿದೆಯೆಂಬುದೂ ಕೆಲವೆಡೆ ಸಂದೇಹಾಸ್ಪದ. ಕೆನಡಾದಲ್ಲಿ ಮಾರಾಟಕ್ಕಿದ್ದ 31 ಬಗೆಯ ಮೆಲಟೋನಿನ್ ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಚೀಟಿಯಲ್ಲಿ ಬರೆದಿದ್ದುದಕ್ಕಿಂತ ನೂರಕ್ಕೆ 83ರಷ್ಟು ಕಡಿಮೆಯಿದ್ದುದೂ ಉಂಟು, 478ರಷ್ಟು ಹೆಚ್ಚಿದ್ದುದೂ ಉಂಟು. ತನ್ನ ಗಡಿಯಾರ ಮುಂದಿದೆಯೋ ಹಿಂದಿದೆಯೋ ಅರಿಯದೆ, ಮಾತ್ರೆಯಲ್ಲಿ ಎಷ್ಟಿದೆಯೆಂದೂ ಅರಿಯದೆ, ಯಾವುದೋ ಹೊತ್ತಿನಲ್ಲಿ ನುಂಗುವವನು ಕತ್ತಲೆಯಲ್ಲಿ ಗಡಿಯಾರದ ಮುಳ್ಳನ್ನು ತಿರುಗಿಸುವವನಂತೆಯೇ ಸರಿ.

ಇಲ್ಲಿ ವಿಚಾರವಂತರು ಎರಡು ಆಕ್ಷೇಪಗಳನ್ನು ಎತ್ತಬಹುದು. ಗಡಿಯಾರ ಕೆಟ್ಟುದರಿಂದ ಖಿನ್ನತೆ ಬಂದಿತೋ, ಖಿನ್ನತೆಯಿಂದ ಗಡಿಯಾರ ಕೆಟ್ಟಿತೋ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದುದೇ. ಖಿನ್ನತೆಗೆ ವಂಶವಾಹಿಗಳು, ಬಾಲ್ಯದ ಆಘಾತ, ಬಡತನ, ವಿಯೋಗ, ದೇಹರೋಗ ಮೊದಲಾದ ಹಲವು ಕಾರಣಗಳುಂಟು. ಎಲ್ಲವನ್ನೂ ಗಡಿಯಾರದ ತಲೆಗೆ ಕಟ್ಟುವುದು ಅವಿಚಾರ. ಆದರೆ ಕಾರಣವು ಪೂರ್ಣವಾಗಿ ತಿಳಿಯುವ ತನಕ ಫಲ ಕೊಡುವ ಚಿಕಿತ್ಸೆಯನ್ನು ಬಿಡಬೇಕೆಂದು ವೈದ್ಯಶಾಸ್ತ್ರದಲ್ಲಿ ಎಂದೂ ನಿಯಮವಿರಲಿಲ್ಲ. ಬೆಳಕಿನ ಚಿಕಿತ್ಸೆ ಮಾತುಕತೆಯ ಚಿಕಿತ್ಸೆಗೂ ಔಷಧಕ್ಕೂ ಪ್ರತಿಸ್ಪರ್ಧಿಯಲ್ಲ, ಅವುಗಳ ಜೊತೆಗಾರ. 122 ರೋಗಿಗಳ ಒಂದು ಪರೀಕ್ಷೆಯಿಂದ ಯಾವ ಔಷಧವೂ ನಿರರ್ಥಕವೆಂದು ಹೇಳಲಾಗದು; ಸೇವಿಸುತ್ತಿರುವ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದಂತೂ ಕೂಡದು.

ಎರಡನೆಯ ಆಕ್ಷೇಪ ನಮ್ಮ ನಾಡಿಗೆ ಸಂಬಂಧಿಸಿದುದು. ಹೆಲ್ಸಿಂಕಿಯಲ್ಲಿ ಚಳಿಗಾಲದ ಅತಿ ಹ್ರಸ್ವ ಹಗಲು ಆರು ಗಂಟೆಗೂ ಕಡಿಮೆ. ಬೆಂಗಳೂರಿನಲ್ಲಿ ಅದು ಹನ್ನೊಂದು ಗಂಟೆಗೂ ಮಿಗಿಲು. ಸೂರ್ಯನು ಇಷ್ಟು ಉದಾರಿಯಾಗಿರುವ ದೇಶಕ್ಕೆ ಬೆಳಕಿನ ಚಿಕಿತ್ಸೆಯ ಮಾತೇಕೆ? ಚಳಿಗಾಲದ ಖಿನ್ನತೆ ನಮ್ಮ ಮುಖ್ಯ ಸಮಸ್ಯೆಯಲ್ಲವೆಂಬುದು ದಿಟ. ಆದರೆ ಸೂರ್ಯ ಹೊರಗಿದ್ದಾನೆ; ನಾವು ಒಳಗಿದ್ದೇವೆ. ಹಗಲೆಲ್ಲ ಕೋಣೆಯ ಮಂದ ಬೆಳಕಿನಲ್ಲಿ, ರಾತ್ರಿಯೆಲ್ಲ ದೀಪ ಮತ್ತು ಪರದೆಗಳ ಬೆಳಕಿನಲ್ಲಿ ಬಾಳುವವನ ಗಡಿಯಾರಕ್ಕೆ ಹಗಲೂ ಸ್ಪಷ್ಟವಿಲ್ಲ, ಇರುಳೂ ಸ್ಪಷ್ಟವಿಲ್ಲ. ಕೆರೆಯ ದಡದಲ್ಲಿ ಕುಳಿತು ಬಾಯಾರಿಕೆಯಿಂದ ಬಳಲುವವನ ಸ್ಥಿತಿ ನಮ್ಮದು. ಬೇರೆಯವರು ದುಡ್ಡು ಕೊಟ್ಟು ದೀಪ ತರಿಸಿ ಪಡೆಯುವುದನ್ನು ನಾವು ಬಾಗಿಲು ತೆರೆದು ಪಡೆಯಬಹುದು.

ಹೀಗಿರುವಾಗ ಮಾಡಬೇಕಾದುದೇನು? ಹಿರಿಯರಿಗೆ ನನ್ನ ಮೊದಲ ಬಿನ್ನಹವಿದು: ತರುಣರು ತಡವಾಗಿ ಮಲಗಿ ತಡವಾಗಿ ಏಳುವುದೆಲ್ಲವೂ ದುರಭ್ಯಾಸವಲ್ಲ. ಹದಿಹರೆಯದಲ್ಲಿ ಗಡಿಯಾರವು ಸ್ವಭಾವದಿಂದಲೇ ಹಿಂದಕ್ಕೆ ಸರಿಯುತ್ತದೆ. ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಅತ್ಯಂತ ಹಿಂದೆ ಬಿದ್ದು, ಆಮೇಲೆ ಮುಂದಕ್ಕೆ ಬರುತ್ತದೆಂದು ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಮುಂದೂಡಿದಾಗ, ವಿದ್ಯಾರ್ಥಿಗಳು ಇನ್ನೂ ತಡವಾಗಿ ಮಲಗಬಹುದೆಂಬ ಭಯ ಸುಳ್ಳಾಯಿತು. ಅವರ ದಿನನಿತ್ಯದ ನಿದ್ರೆ ಅರ್ಧ ಗಂಟೆಗೂ ಹೆಚ್ಚಾಗಿ ಬೆಳೆಯಿತು. ನಸುಕಿನ ಐದಕ್ಕೆ ಮನೆಪಾಠ, ಏಳಕ್ಕೆ ವಿಶೇಷ ತರಗತಿ, ರಾತ್ರಿ ಹನ್ನೊಂದರ ತನಕ ಓದು ಎಂದು ವೇಳಾಪಟ್ಟಿ ಹಾಕುವವರು, ತಾವು ಯಾವ ಗಂಟೆಗಳನ್ನು ಕದಿಯುತ್ತಿದ್ದೇವೆಂಬುದನ್ನು ಒಮ್ಮೆ ಲೆಕ್ಕಹಾಕಬೇಕು. ವಿದ್ಯಾರ್ಥಿನಿಲಯಗಳನ್ನು ಕಟ್ಟುವವರು ಪೂರ್ವಕ್ಕೆ ಕಿಟಕಿಯಿಡುವುದನ್ನೂ, ನಡೆಸುವವರು ಸರಿರಾತ್ರಿಯ ಪ್ರಖರ ದೀಪಗಳನ್ನು ಮಂದಗೊಳಿಸುವುದನ್ನೂ ಖರ್ಚೆಂದು ಭಾವಿಸಬಾರದು.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೆ. ರಜೆಯಿರಲಿ ಪರೀಕ್ಷೆಯಿರಲಿ, ಏಳುವ ಹೊತ್ತನ್ನು ಸಾಧ್ಯವಾದಷ್ಟು ಒಂದೇ ಆಗಿ ಇಟ್ಟುಕೊಳ್ಳಿ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆಯಿರಿ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಲಗುವ ಮುನ್ನ ಒಂದೆರಡು ಗಂಟೆ ದೀಪವನ್ನು ತಗ್ಗಿಸಿ ಪರದೆಯನ್ನು ದೂರವಿಡಿ. ಊಟ, ಆಟ, ಮಾತುಕತೆಗಳನ್ನು ನಾಲ್ಕು ಜನರೊಡನೆ ಹೊತ್ತಿಗೆ ಸರಿಯಾಗಿ ನಡೆಸಿ. ಮದುರೈಯ ಬಾವಲಿಗಳ ಪಾಠವನ್ನು ನೆನೆಯಿರಿ: ಬೆಳಕು ಮುಟ್ಟದಿದ್ದಲ್ಲಿಯೂ ಸಹವಾಸ ಹೊತ್ತನ್ನು ತಿದ್ದುತ್ತದೆ. ಖಿನ್ನತೆಯುಳ್ಳವನು ಮೊದಲು ಕಳೆದುಕೊಳ್ಳುವುದು ಈ ಸಹವಾಸವನ್ನೇ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಎಲೆನ್ ಫ್ರ್ಯಾಂಕ್ ಮತ್ತು ಸಂಗಡಿಗರು ರೂಪಿಸಿದ ಚಿಕಿತ್ಸಾಪದ್ಧತಿಯೊಂದರಲ್ಲಿ, ದ್ವಿಧ್ರುವ ರೋಗಿಗಳಿಗೆ ದಿನಚರಿಯ ಹೊತ್ತುಗಳನ್ನು ಸ್ಥಿರಗೊಳಿಸಿಕೊಳ್ಳುವುದನ್ನು ಕಲಿಸುವುದೇ ಮುಖ್ಯ ಭಾಗವಾಗಿದೆ.

ಆದರೆ ಈ ಶಿಸ್ತಿನಿಂದಲೇ ಎಲ್ಲರ ಖಿನ್ನತೆಯೂ ಕಳೆಯುವುದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸೋಮಾರಿ ಎಂದು ಬೈಯುವವರ ಗುಂಪಿಗೆ ನಾನೂ ಸೇರಿದಂತಾಗುವುದು. ಹಾಸಿಗೆಯಿಂದ ಏಳಲಾರದ ಖಿನ್ನನಿಗೆ ಬೇಗ ಏಳು ಎನ್ನುವುದು, ಕಾಲು ಮುರಿದವನಿಗೆ ಓಡು ಎಂದಂತೆ. ಎರಡು ವಾರ ಕಳೆದರೂ ಮನಸ್ಸಿನ ಮೋಡ ಚದುರದಿದ್ದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ, ಒಂದು ಕ್ಷಣವೂ ಸಂಕೋಚಪಡದೆ ವೈದ್ಯರ ನೆರವನ್ನು ಪಡೆಯಬೇಕು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯ ಮೂಲಕ ಹಗಲಿರುಳೂ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಗೆಳೆಯನಲ್ಲಿ ಈ ಲಕ್ಷಣಗಳನ್ನು ಕಂಡವರು ಅವನಿಗೆ ಮಾತ್ರೆಯ ಹೆಸರು ಹೇಳುವ ಬದಲು ಅವನ ಜೊತೆಯಲ್ಲಿ ವೈದ್ಯರ ಬಳಿಗೆ ಹೋಗಲಿ. ಮರುದಿನ ಬೆಳಿಗ್ಗೆ ಅವನ ಕೋಣೆಯ ಬಾಗಿಲು ತಟ್ಟಿ, ಅವನಿಗೆ ಏಳುವಷ್ಟು ಶಕ್ತಿಯಿದ್ದರೆ, ಬಿಸಿಲಿಗೆ ಕರೆದುಕೊಂಡು ಬರಲಿ. ಏಳಲಾರದಿದ್ದರೆ ಕಿಟಕಿಯನ್ನು ತೆರೆದು ಪಕ್ಕದಲ್ಲಿ ಕುಳಿತುಕೊಳ್ಳಲಿ.